ಸದ್ದು ಮಾಡುವ ಕಾಯಿ

ಸೋಮವಾರ ಬೆಳಿಗ್ಗೆ ಸಿಂಗಟಗೆರೆ ಪಕ್ಕದ ಒಂದು ಊರಿನ ಶಾಲೆಯ ಗೋಡೆಯ ಮೇಲೆ ಒಂದು ಕರಪತ್ರ ಕಂಡಿತು. ಕೆಳಗೆ ಹೆಸರಿಲ್ಲ. ಗುರುವಾರದ ಸಭೆಯಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದಿದರು, ಊರವರು ಚಪ್ಪಾಳೆ ತಟ್ಟಿ ಕೈಯೆತ್ತಿದರು. ಬಿಸಿಯೂಟದ ಸಾವಿತ್ರಮ್ಮನ ಕೆಲಸ ಹೋಯಿತು.

ಮರುದಿನ ಆಕೆ ಬೀರೂರಿಗೆ ಬಂದು, ಆ ಶಾಲೆಯಲ್ಲೇ ಕನ್ನಡ ಕಲಿಸಿ ನಿವೃತ್ತರಾದ ಓಂಕಾರಮೂರ್ತಿಗಳ ಮುಂದೆ ಆ ಕಾಗದ ಇಟ್ಟಳು.

"ಬೇಳೇಲಿ ಹುಳ ಐತೆ ಅಂದೆ ಮೇಷ್ಟ್ರೇ, ಅಷ್ಟೇ. ಸುಳ್ಳಿ ಅಂದ್ಬಿಟ್ರು. ಯಾರ್ ಬರ್ದಿದ್ದು ಅಂತ ಗೊತ್ತಾದ್ರೆ ನನ್ ಕೆಲ್ಸ ವಾಪಸ್ ಬತ್ತದೆ."

ಮೇಷ್ಟ್ರು ಓದಿದರು.

'ಮಕ್ಕಳಿಗೆ ಬಡಿಸಬೇಕಾದವರು ಯಾರು? ನಂಬಿಕಸ್ಥರು. ಮಕ್ಕಳ ಹಸಿವು ಕಾಯಬೇಕಾದವರು ಯಾರು? ನಂಬಿಕಸ್ಥರು. ಈಕೆಯನ್ನು ನಂಬುವವರು ಯಾರು? ಅಲ್ಲಾಡಿಸಿದರೆ ಗಡಗಡ ಎನ್ನುವ ತೆಂಗಿನಕಾಯಿಯಂತೆ ಈಕೆಯ ಮಾತು — ಸದ್ದೇ ಹೊರತು ತಿರುಳಿಲ್ಲ!'

ಅವರಿಗೆ ಮೊದಲು ಬಂದದ್ದು ಕೋಪವಲ್ಲ, ಮೆಚ್ಚುಗೆ. ಹಾಳು ಕಸುಬಿನ ಚಟ! ಮೂರು ಪ್ರಶ್ನೆ, ಎರಡು ಬಾರಿ ಒಂದೇ ಉತ್ತರ, ಕೊನೆಗೊಂದು ಉಪಮೆ. ಇದನ್ನು ಎಲ್ಲೋ ಕೇಳಿದ್ದೇನಲ್ಲ?

"ಯಾರ ಮೇಲಮ್ಮ ಅನುಮಾನ?"

"ಇಬ್ರು. ನನ್ ಜಾಗಕ್ಕೆ ರಂಗಪ್ಪನ ಹೆಂಡ್ತಿ ಲಿಂಗಮ್ಮ ಬಂದವ್ಳೆ. ಇನ್ನು ಶಾಲೆ ಸಮಿತಿ ಅಧ್ಯಕ್ಷ ಹೇಮಂತ. ಬೇಳೆ ತರಿಸೋನು ಅವ್ನೇ."

ಮೇಷ್ಟ್ರು ಆ ಊರಿಗೆ ಹೋದಾಗ ರಂಗಪ್ಪ ಅಂಗಳದಲ್ಲಿ ಅಟ್ಟದಿಂದಿಳಿಸಿದ ಒಣಕಾಯಿಯ ರಾಶಿ ಮುಂದಿಟ್ಟುಕೊಂಡು ಕೂತಿದ್ದ.

"ಕರಪತ್ರ ನೀನು ಬರೆದೆಯೇನಪ್ಪಾ?"

"ನಾನಾ? ಸೈನ್ ಹಾಕೋಕೇ ಬೆವರ್ತೀನಿ ಮೇಷ್ಟ್ರೇ! ಹೆಂಡ್ತಿಗೆ ಕೆಲ್ಸ ಸಿಕ್ತು, ಸುಮ್ನಿದೀನಿ ಅಷ್ಟೇ."

ಹೇಳುತ್ತಲೇ ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. ಗಡಗಡ ಎಂದಿತು. ಬಲಗಡೆ ಹಾಕಿದ. ಇನ್ನೊಂದು ಸುಮ್ಮನಿತ್ತು. ಅದನ್ನು ಎಡಗಡೆ ತಳ್ಳಿದ.

"ಯಾವುದು ಒಳ್ಳೆಯದು?"

"ಸದ್ದಾಗಿದ್ದು! ಕೊಬ್ಬರಿ ಗಟ್ಟಿಯಾಗಿ ಚಿಪ್ಪು ಬಿಟ್ಟೈತೆ. ಇಷ್ಟೊರ್ಷ ಇಲ್ಲಿದ್ದೂ ಇನ್ನೂ ಗೊತ್ತಾಗ್ಲಿಲ್ವಾ?"

ಆ ಸಾಲುಗಳನ್ನು ಎಲ್ಲಿ ಕೇಳಿದ್ದೆಂದು ಮೇಷ್ಟ್ರಿಗೆ ಆಗ ಹೊಳೆಯಿತು. ನಾಚಿಕೆಯಿಂದ ಹಿಡಿಯಾದರು.

ಮಧ್ಯಾಹ್ನ ಅವರು ಹೇಳಿಕಳಿಸಿದ್ದಕ್ಕೆ ಶಾಲೆಯ ಜಗಲಿಯಲ್ಲಿ ಹತ್ತಾರು ಜನ ಸೇರಿದರು. ಸಾವಿತ್ರಮ್ಮನೂ ಹೇಮಂತನೂ ಇದ್ದರು.

"ಗಡಗಡ ಅನ್ನೋ ಕಾಯಿ ಪೊಳ್ಳು ಅಂತ ಈ ಊರಲ್ಲಿ ಹುಟ್ಟಿದ ಯಾರೂ ಬರೆಯುವುದಿಲ್ಲ," ಎಂದರು ಮೇಷ್ಟ್ರು. "ಹಾಗೆ ಬರೆಯಬಲ್ಲವನು ಒಬ್ಬನೇ. ಬಳ್ಳಾರಿಯ ಜೋಳದ ಸೀಮೆಯಿಂದ ಬಂದ ದಡ್ಡ. ನಾನು!"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

"ಇಪ್ಪತ್ತು ವರ್ಷದ ಹಿಂದೆ ಕಡೂರಿನ ಭಾಷಣ ಸ್ಪರ್ಧೆಗೆ ಸುಳ್ಳುಗಾರರ ಬಗ್ಗೆ ಒಂದು ಭಾಷಣ ಬರೆದುಕೊಟ್ಟೆ. ತಪ್ಪು ಉಪಮೆ. ಆದರೂ ಬಹುಮಾನ ಬಂತು. ಅದನ್ನು ಬಾಯಿಪಾಠ ಮಾಡಿದವನು ಒಬ್ಬನೇ ಹುಡುಗ. ಅಲ್ಲವೇನಪ್ಪಾ, ಹೇಮಂತ?"

ಹೇಮಂತ ತಲೆ ತಗ್ಗಿಸಲಿಲ್ಲ.

"ಹೌದು ಸಾರ್. ನೀವೇ ಕಲಿಸಿದ್ದು. ನಿಜಾನೋ ಸುಳ್ಳೋ ಆಮೇಲೆ, ಮೊದ್ಲು ಕೇಳೋರ ಎದೆಗೆ ನಾಟ್ಬೇಕು ಅಂದಿದ್ರಿ."

"ಬೇಳೆಯಲ್ಲಿ ಹುಳ ಇತ್ತೋ ಇಲ್ಲವೋ?"

"ಇತ್ತು. ಈಗೇನ್ಮಾಡ್ತೀರಿ? ಊರೇ ಕೈಯೆತ್ತಿ ತೀರ್ಮಾನ ಆಗೋಯ್ತು."

ಮೇಷ್ಟ್ರು ಜನರತ್ತ ತಿರುಗಿದರು. ಯಾರಾದರೂ ಒಂದು ಮಾತಾಡಲಿ ಎಂದು ಕಾದರು. ರಂಗಪ್ಪ ತಲೆ ಕೆರೆದುಕೊಂಡು ನಕ್ಕ.

"ಹೌದಲ್ವಾ! ಸದ್ದಾಗೋ ಕಾಯೇ ಒಳ್ಳೇದು. ನಮ್ಗೆ ಹೊಳೀಲೇ ಇಲ್ಲ ನೋಡಿ. ಆದ್ರೂ ಮಾತು ಮಾತ್ರ ಏನ್ ಚೆಂದಾಗಿತ್ತು ಬಿಡಿ!"

ಒಬ್ಬೊಬ್ಬರಾಗಿ ಎದ್ದು ಹೋದರು. ಕೆಲಸ ವಾಪಸ್ ಕೊಡೋಣ ಎಂದು ಯಾರೂ ಅನ್ನಲಿಲ್ಲ.

"ನನ್ನದೇ ತಪ್ಪಮ್ಮ," ಎಂದರು ಮೇಷ್ಟ್ರು.

"ಬಿಡಿ ಮೇಷ್ಟ್ರೇ. ಅವ್ರೆಲ್ಲಾ ಕಾಯಿ ಬಲ್ಲೋರೇ," ಎಂದಳು ಸಾವಿತ್ರಮ್ಮ. "ನನ್ನೂ ಬಲ್ರು. ಹದಿನಾಲ್ಕು ವರ್ಷ ಅವ್ರ ಮಕ್ಳಿಗೆ ಬಡ್ಸಿದೀನಿ."

ಊಟದ ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಹಿಡಿದು ಲಿಂಗಮ್ಮನ ಮುಂದೆ ಸಾಲು ನಿಂತವು. ಒಳಗಿನಿಂದ ಅದೇ ಬೇಳೆಯ ಸಾರಿನ ವಾಸನೆ ಬರುತ್ತಿತ್ತು.