ಒಂದು ಕಡೆ ಅಳಿಸಿದರೆ

“ಒಂದೂ ಇಲ್ಲ! ಎಲ್ಲಾ ಖಾಲಿ! ಬೆಕ್ತೆನ್, ಬಾರೋ ಇಲ್ಲಿ!”

ತಾಯಿಯ ಕೂಗಿಗೆ ಚಿನಾರಾಳ ಕೈಯ ಚಮಚ ಜಾಮಿನ ಬಟ್ಟಲಲ್ಲೇ ನಿಂತಿತು. ಅವಳ ಅಣ್ಣ ಬೆಕ್ತೆನ್ ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡು ಓಡಿ ಬಂದ.

“ಏನಾಯ್ತು, ಅಪಾ?” ಎಂದು ತಾಯಿಯನ್ನು ಕೇಳಿದ.

“ಏನಾಯ್ತು ಅಂತ ನೀನೇ ಹೇಳು. ನನ್ನ ಬುಕ್‌ಮಾರ್ಕ್ ಎಲ್ಲಾ ಎಲ್ಲಿ ಹೋದ್ವು?”

ಲ್ಯಾಪ್‌ಟಾಪಿನ ಪರದೆಯ ಮೇಲ್ಭಾಗದಲ್ಲಿ ದಿನವೂ ಪುಟ್ಟ ಪುಟ್ಟ ಹೆಸರುಗಳು ಸಾಲಾಗಿ ನಿಂತಿರುತ್ತಿದ್ದವು. ಇಂದು ಆ ಜಾಗ ಬೋಳಾಗಿತ್ತು.

ಅಲ್ಲಿದ್ದ ಪುಟಗಳಲ್ಲಿ ಒಂದು ತಾಯಿಯ ಪ್ರಾಣವಾಗಿತ್ತು. ತಾಯಿಯ ಮುತ್ತಜ್ಜಿ ಹೊಲಿದ ಶಿರ್ದಾಕ್, ಆ ಉಣ್ಣೆಯ ನೆಲಹಾಸು, ಎಂದೋ ಯಾರದೋ ಕೈಸೇರಿ, ಕಡಲು ದಾಟಿ, ದೂರದೇಶದ ಒಂದು ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಕುಳಿತಿತ್ತು. ಅದರ ಚಿತ್ರಕ್ಕಾಗಿ ಅಪಾ ಚಳಿಗಾಲವೆಲ್ಲ ಹುಡುಕಿದ್ದರು. ಅದರಲ್ಲಿದ್ದ ಬಳ್ಳಿಯ ವಿನ್ಯಾಸವನ್ನೇ ಇಂದು ಹೊಸ ಹಾಸಿನ ಮೇಲೆ ಬರೆಯಬೇಕಿತ್ತು. ಪುಟದ ಹೆಸರೋ, ಅವರಿಗೆ ಓದಲು ಬಾರದ ಲಿಪಿಯಲ್ಲಿತ್ತು; ಹೆಸರಿನಿಂದ ಮತ್ತೆ ಹುಡುಕುವಂತಿರಲಿಲ್ಲ.

ಬೆಕ್ತೆನ್ ಅಲ್ಲಿ ಒತ್ತಿದ, ಇಲ್ಲಿ ಒತ್ತಿದ. ಹಿಂದೆ ನೋಡಿದ ಪುಟಗಳ ಪಟ್ಟಿಯನ್ನೂ ತೆರೆದ. ಚಳಿಗಾಲದಷ್ಟು ಹಳೆಯದು ಅದರಲ್ಲಿ ಉಳಿದಿರಲಿಲ್ಲ.

“ಅಜ್ಜ ಬೆಟ್ಟಕ್ಕೆ ಹೋಗೋ ಮುಂಚೆ ಎಲ್ಲಾ ಬ್ರೌಸರ್ ಒಂದಕ್ಕೊಂದು ಜೋಡಿಸ್ತೀನಿ ಅಂತ ಕೂತಿದ್ದವನು ನೀನು ತಾನೆ?” ಅಪಾ ಅವನತ್ತ ತಿರುಗಿದರು. “ನನ್ನ ಲ್ಯಾಪ್‌ಟಾಪಲ್ಲಿ ಒಂದು ಬ್ರೌಸರ್, ಅಜ್ಜನ ಫೋನಲ್ಲಿ ಇನ್ನೊಂದು, ಸ್ಕೂಲಲ್ಲಿ ಮತ್ತೊಂದು. ಎಲ್ಲಿ ತೆರೆದ್ರೂ ಅದೇ ಬುಕ್‌ಮಾರ್ಕ್ ಸಿಗುತ್ತೆ ಅಂದೆ. ಈಗ ಎಲ್ಲೂ ಸಿಗಲ್ಲ! ಸುಮ್ನೆ ಇದ್ದದ್ದನ್ನ ಯಾಕೆ ಕೆದಕೋಕೆ ಹೋದೆ?”

“ನಾನು ಸರಿಯಾಗೇ ಮಾಡಿದ್ದೆ, ಅಪಾ...”

“ಸಾಕು, ಸುಮ್ನಿರು.”

ಬೆಕ್ತೆನ್ ತಲೆ ತಗ್ಗಿಸಿದ. ತಪ್ಪು ಮಾಡದವನು ಬೈಗುಳ ತಿನ್ನುತ್ತಿದ್ದ. ತಪ್ಪು ಮಾಡಿದವಳು ಬ್ರೆಡ್ಡಿಗೆ ಜಾಮ್ ಹಚ್ಚುತ್ತಿದ್ದಳು. ಇದೆಂಥ ನ್ಯಾಯ! ಹಚ್ಚಿದ ಬ್ರೆಡ್ಡನ್ನು ಚಿನಾರಾ ಬಾಯಿಗಿಡದೆ ತಟ್ಟೆಯಲ್ಲೇ ಬಿಟ್ಟಳು ಎಂಬುದಷ್ಟೇ ಸಮಾಧಾನದ ಮಾತು.

ನಿನ್ನೆ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಅವಳು ಬ್ರೌಸರ್ ತೆರೆದಾಗ ಮನೆಯವರ ಬುಕ್‌ಮಾರ್ಕ್‌ಗಳೆಲ್ಲ ಸಾಲಾಗಿ ಎದ್ದು ನಿಂತಿದ್ದವು. ಪಕ್ಕದಲ್ಲಿದ್ದ ಕುಬಾನ್ ಬಗ್ಗಿ ಓದಿದ್ದ.

“‘ಕುರಿಜ್ವರಕ್ಕೆ ಔಷಧಿ’! ಏಯ್, ಎಲ್ಲಾ ದೂರ ಸರೀರೋ! ಚಿನಾರಾಗೆ ಕುರಿಜ್ವರ ಬಂದಿದೆ!”

“ಮ್ಯಾ... ಮ್ಯಾ...” ಎಂದು ಹಿಂದಿನ ಸಾಲು ಅರಚಿತ್ತು.

ಆ ಪುಟ ಅಜ್ಜನದು. ಆದರೂ ಚಿನಾರಾಳ ಕಿವಿ ಕೆಂಪಾದವು. ಶಾಲೆಯ ಕಂಪ್ಯೂಟರಿನಲ್ಲಿ ಇವೆಲ್ಲ ಯಾಕಿರಬೇಕು ಎಂದುಕೊಂಡು ಅವಳು ಎಲ್ಲವನ್ನೂ ಒಂದೇ ಬಾರಿಗೆ ಅಳಿಸಿಬಿಟ್ಟಿದ್ದಳು. ಅಳಿಸಿದ್ದು ಅಲ್ಲಿ ಮಾತ್ರವಲ್ಲವೇ? ಮನೆಯದು ಮನೆಯಲ್ಲೇ ಇರುತ್ತದೆಂದು ಅವಳು ನಂಬಿದ್ದಳು. ಈಗಲೂ ಅವಳು ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು: ಇದು ನನ್ನಿಂದ ಆದದ್ದಲ್ಲ, ಇರಲಾರದು.

“ಬಾ ಚಿನಾರಾ, ಹಿಡ್ಕೋ,” ಎಂದು ಅಪಾ ನಿಟ್ಟುಸಿರು ಬಿಟ್ಟರು. “ಬಳ್ಳಿ ಹೋಯ್ತು. ಅಂಚಿಗೆ ಹಾಕೋ ಟಗರಿನ ಕೊಂಬಿನ ಆಕಾರ ನನ್ನ ಕೈಗೇ ಗೊತ್ತು. ಅದನ್ನಾದ್ರೂ ಕತ್ತರಿಸೋಣ.”

ಕೆಂಪು ಉಣ್ಣೆಯ ಹಾಸು ಮೇಲೆ, ಕಂದು ಹಾಸು ಕೆಳಗೆ. ಎರಡನ್ನೂ ಸೇರಿಸಿ ಟಾಕು ಹಾಕಿತ್ತು. ಸೀಮೆಸುಣ್ಣದಲ್ಲಿ ಬರೆದ ಕೊಂಬಿನ ಗೆರೆಯ ಮೇಲೆ ಚಾಕು ನಿಧಾನವಾಗಿ ಸಾಗಿತು. ಚಿನಾರಾ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಕತ್ತರಿಸಿ ಮುಗಿದಾಗ ಅಪಾ ಕೆಂಪು ಕೊಂಬನ್ನು ಎತ್ತಿದರು. ಅದರಡಿಯಲ್ಲಿ ಕಂದು ಬಣ್ಣದ್ದೂ ಅದೇ ಆಕಾರದಲ್ಲಿ ಬಿಡಿಸಿಕೊಂಡು ಬಂತು.

ಈ ಕೆಲಸವನ್ನು ಚಿನಾರಾ ಹುಟ್ಟಿದಾಗಿನಿಂದ ನೋಡುತ್ತಲೇ ಇದ್ದಳು. ಇಂದು ಮಾತ್ರ ಕಂದು ಹಾಸಿನಲ್ಲಿ ಬಿದ್ದ ಆ ತೂತಿನ ಮೇಲೆ ಅವಳ ಕಣ್ಣು ನೆಟ್ಟಿತು. ಚಾಕು ಕೆಳಗಿನದನ್ನು ಮುಟ್ಟುವುದು ಕಣ್ಣಿಗೆ ಕಂಡಿರಲಿಲ್ಲ. ಆದರೂ ಮುಟ್ಟಿತ್ತು.

“ಅಪಾ,” ಎಂದಳು. “ಅಳಿಸಿದ್ದು ನಾನು. ನಿನ್ನೆ, ಸ್ಕೂಲಲ್ಲಿ. ಅಲ್ಲಿದ್ದು ಮಾತ್ರ ಹೋಗುತ್ತೆ ಅಂದ್ಕೊಂಡಿದ್ದೆ.”

ಅಪಾ ಚಾಕು ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಬೆಕ್ತೆನ್ ಮಾತ್ರ ಬಾಗಿಲಿನಿಂದಲೇ ಸಿಡಿದ. “ನಾನು ಬೈಸ್ಕೊಳ್ಳೋವಾಗ ನೀನು ಜಾಮ್ ತಿಂತಾ ಕೂತಿದ್ಯಲ್ಲೇ!”

“ತಿನ್ನೋಕಾಗ್ಲಿಲ್ಲ, ಬಾಯ್ಕೆ.”

ಅಣ್ಣನೆಂದು ಕರೆದ ಆ ದನಿಗೆ ಅವನ ಸಿಟ್ಟು ಅರ್ಧಕ್ಕಿಳಿಯಿತು. “ಎಲ್ಲಾ ಒಂದಕ್ಕೊಂದು ಸೇರಿರೋದು ಕಣೇ. ನೆಟ್‌ವರ್ಕ್ ಇರೋ ಕಡೆ ಎಲ್ಲಾ ಅಳಿಸಿ ಹೋಗಿರುತ್ತೆ...” ಎನ್ನುತ್ತಿದ್ದವನು ಥಟ್ಟನೆ ಹಣೆ ಬಡಿದುಕೊಂಡ. “ಚೋಂಗ್ ಅತಾನ ಫೋನ್!”

ಅಜ್ಜ, ಅವರ ಚೋಂಗ್ ಅತಾ, ಬೇಸಿಗೆಯಿಡೀ ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿದ್ದರು. ಅಲ್ಲಿ ನೆಟ್‌ವರ್ಕ್ ಇಲ್ಲ. ಹಾಗಾಗಿ ಅವರ ಫೋನಿನಲ್ಲಿ ಎಲ್ಲವೂ ಇನ್ನೂ ಹಾಗೇ ಇರಬೇಕು.

“ಆದ್ರೆ ಇವತ್ತು ಇಳಿದು ಬರ್ತಿದಾರೆ!” ಎಂದಳು ಚಿನಾರಾ. “ಸೇತುವೆ ಹತ್ರ ಸಿಗ್ನಲ್ ಸಿಕ್ಕ ತಕ್ಷಣ ಬ್ರೌಸರ್ ತೆರೆದು ಹವಾಮಾನ ನೋಡ್ತಾರೆ, ಆಗ ಅಲ್ಲೂ ಎಲ್ಲಾ ಅಳಿಸಿ ಹೋಗುತ್ತೆ. ಪ್ರತಿ ಸಲಾನೂ ಅಲ್ಲೇ ನೋಡೋದು!”

ಅಣ್ಣ ತಂಗಿ ಇಬ್ಬರೂ ಒಂದೇ ಕುದುರೆ ಏರಿದರು. ಊರು ಹಿಂದೆ ಸರಿಯಿತು, ಹೊಳೆಯ ಸದ್ದು ಹತ್ತಿರವಾಯಿತು. ಸೇತುವೆಯ ಆಚೆ ಕುರಿಮಂದೆಯ ದೂಳು ಎದ್ದಿತ್ತು. ಅದರ ಮುಂದೆ ಕುದುರೆಯ ಮೇಲೆ ಬಿಳಿ ಟೋಪಿಯ ಅಜ್ಜ. ಅವರ ಒಂದು ಕೈ ಆಗಲೇ ಆಕಾಶಕ್ಕೆ ಎದ್ದಿತ್ತು. ಆ ಕೈಯಲ್ಲಿ ಫೋನ್!

“ಕೈ ಇಳಿಸಿ, ಚೋಂಗ್ ಅತಾ! ಕೈ ಇಳಿಸಿ!” ಚಿನಾರಾ ಗಂಟಲು ಹರಿಯುವಂತೆ ಕಿರುಚಿದಳು.

ಅಜ್ಜ ಬೆಚ್ಚಿ ಕೈ ಇಳಿಸಿದರು. “ಬೇಸಿಗೆ ಪೂರ್ತಿ ಕಣ್ಣಿಗೆ ಬೀಳದ ಅಜ್ಜನಿಗೆ ಒಂದು ಸಲಾಂ ಇಲ್ಲ! ಕಳ್ಳನನ್ನ ಹಿಡಿದ ಹಾಗೆ ಕೂಗ್ತೀಯಲ್ಲಮ್ಮ!”

ಬೆಕ್ತೆನ್ ಜಿಗಿದು ಇಳಿದು, ಫೋನ್ ಇಸಿದುಕೊಂಡು, ನೆಟ್‌ವರ್ಕ್ ಬಂದ್ ಮಾಡಿದ. ಆಮೇಲೆ ಬ್ರೌಸರ್ ತೆರೆದ. ಮೂವರೂ ಪರದೆಯ ಮೇಲೆ ಬಗ್ಗಿದರು.

ಎಲ್ಲವೂ ಇದ್ದವು. ಓದಲು ಬಾರದ ಲಿಪಿಯ ಆ ಹೆಸರೂ ಇತ್ತು.

ಬುಕ್‌ಮಾರ್ಕ್‌ಗಳು ಅಳಿಸಿಹೋದದ್ದನ್ನು ಬೆಕ್ತೆನ್ ಅಜ್ಜನಿಗೆ ಹೇಳಿದ. “ಅಳಿಸಿದ್ದು ಯಾರು?” ಅಜ್ಜ ಕೇಳಿದರು.

ಬೆಕ್ತೆನ್ ಕುದುರೆಯ ಕಿವಿ ನೋಡುತ್ತಾ ನಿಂತ.

“ನಾನೇ,” ಎಂದಳು ಚಿನಾರಾ.

“ನನ್ನ ಕುರಿಜ್ವರದ್ದೂ ಸೇರಿಸಿ?”

“ಅದರಿಂದಲೇ ಶುರುವಾಗಿದ್ದು,” ಎಂದು ಅವಳು ಕುಬಾನನ ಕತೆಯನ್ನೆಲ್ಲ ಹೇಳಿದಳು. ಅಜ್ಜ ನಕ್ಕ ನಗುವಿಗೆ ಅವರ ಕುದುರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿತು.

“ಅವನ ಅಜ್ಜನೇ ಹೋದ ತಿಂಗಳು ಬೆಟ್ಟ ಹತ್ತಿ ಬಂದು ನನ್ನ ಹತ್ರ ಆ ಔಷಧಿ ಹೆಸರು ಬರೆಸ್ಕೊಂಡು ಹೋದ ಕಣೇ!”

ಮನೆಯಲ್ಲಿ ಬೆಕ್ತೆನ್ ಮೊದಲು ಬುಕ್‌ಮಾರ್ಕ್‌ಗಳನ್ನೆಲ್ಲ ಬೇರೆಯಾಗಿ ಒಂದು ಫೈಲಿನಲ್ಲಿ ತೆಗೆದಿಟ್ಟ. ಆಮೇಲೆ ಅವನ್ನು ಒಂದೊಂದಾಗಿ ಎಲ್ಲರಿಗೂ ಮರಳಿಸಿದ. ಅಪಾ ಅವನ ತಟ್ಟೆಗೆ ಬಿಸಿ ಬೋರ್ಸೋಕ್‌ಗಳನ್ನು ರಾಶಿ ಹಾಕಿದರು. ಆ ಕರಿದ ಉಂಡೆಗಳಲ್ಲಿ ಒಂದನ್ನು ಅವನು ತಂಗಿಯತ್ತ ಎಸೆದ.

ಸಂಜೆಯ ಬೆಳಕಿನಲ್ಲಿ ಮುತ್ತಜ್ಜಿಯ ಬಳ್ಳಿ ಕೆಂಪು ಹಾಸಿನ ಮೇಲೆ ಹಬ್ಬಿತು. ಅಪಾ ಚಾಕು ಎತ್ತಿಕೊಂಡರು.

“ಸ್ವಲ್ಪ ನಿಲ್ಲಿ,” ಎಂದಳು ಚಿನಾರಾ.

ಅವಳು ಮಂಡಿಯೂರಿ, ಕೆಂಪು ಹಾಸಿನ ಅಂಚನ್ನು ತುಸು ಎತ್ತಿ, ಕೆಳಗಿದ್ದ ಕಂದು ಹಾಸನ್ನು ನೋಡಿದಳು. ಅಲ್ಲೊಂದು ಮಡಿಕೆ ಬಿದ್ದಿತ್ತು. ಅದನ್ನು ಅಂಗೈಯಿಂದ ನಿಧಾನವಾಗಿ ಸವರಿ ಸರಿಮಾಡಿದಳು.

“ಈಗ ಕತ್ತರಿಸಿ, ಅಪಾ.”