ಒಂದು ಹನಿ ಚಹಾ

ಓಟದ ಪಂದ್ಯ ಮುಗಿಸಿದ ನಾಯಿ ಉಚ್ಚೆ ಹೊಯ್ಯುವವರೆಗೂ ಮದ್ದಿನ ಪರೀಕ್ಷೆಗೆಂದು ಉದ್ದ ಹಿಡಿಯ ಸೌಟು ಹಿಡಿದು ಅದರ ಹಿಂದೆ ತಿರುಗುವುದು ಗ್ರೋನ್ಯಳ ಕೆಲಸ. ಟಿಪ್ಪರರಿ ಊರಿನಲ್ಲಿ ಇದಕ್ಕಿಂತ ಮರ್ಯಾದೆಯ ಕೆಲಸಗಳು ಬೇಕಾದಷ್ಟಿದ್ದವು. ಆದರೆ ಫರ್ಗಲ್ ಸಿಕ್ಕಿದ್ದು ಇದರಿಂದಲೇ.

ಅವನು ಓಟಕ್ಕೆ ಪಳಗಿಸಿದ ಗ್ರೇಹೌಂಡ್ ನಾಯಿ ಪೆಗ್ಗಿಗೆ ವಿಪರೀತ ನಾಚಿಕೆ. ಯಾರಾದರೂ ನೋಡುತ್ತಿದ್ದರೆ ಮುಖ ತಿರುಗಿಸಿ ನಿಂತುಬಿಡುತ್ತಿದ್ದಳು. ಹಾಗಾಗಿ ಪ್ರತಿ ಗುರುವಾರ ಇಬ್ಬರೂ ಬೇಲಿಯ ಬಳಿ ಅರ್ಧ ಗಂಟೆ ಕಾಯಬೇಕಿತ್ತು.

"ಬೇರೆಯವ್ರು ಹುಡುಗೀರನ್ನ ಡಾನ್ಸಿಗೆ ಕರ್ಕೊಂಡು ಹೋಗ್ತಾರೆ ಕಣೇ. ನನ್ನ ಹಣೇಬರಹ ನೋಡು, ನಾಯಿ ಉಚ್ಚೆಗೆ ಕಾಯ್ಕೊಂಡು ಪ್ರೀತಿ ಮಾಡ್ತಿದೀನಿ."

"ಏನಂದೆ? ಪ್ರೀತಿ?"

"ಉಚ್ಚೆ ಅಂದೆ." ಅವನ ಕಿವಿ ಕೆಂಪಾಗಿತ್ತು.

ಆ ಗುರುವಾರ ಚಳಿ ಹೆಚ್ಚಿತ್ತು. ಅವನು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟ. ಬೆರಳು ಬೆಚ್ಚಗಾಗಲೆಂದು ಅವಳು ಕೆಲಸದ ಕೈಗವಸು ಬಿಚ್ಚಿ ಲೋಟ ಹಿಡಿದಳು. ಅಷ್ಟರಲ್ಲೇ ಪೆಗ್ಗಿ ಕುಕ್ಕರಿಸಬೇಕೆ! ಚಹಾ ಕೈಮೇಲೆ ತುಳುಕಿತು. ಅದೇ ಒದ್ದೆ ಕೈಯಲ್ಲಿ ಅವಳು ಸೌಟು ಚಾಚಿ ಸೀಸೆ ತುಂಬಿದಳು. ಇಬ್ಬರೂ ಬಿದ್ದುಬಿದ್ದು ನಕ್ಕರು.

ಮೂರು ವಾರಕ್ಕೆ ವರದಿ ಬಂತು. ಪೆಗ್ಗಿಯ ಉಚ್ಚೆಯಲ್ಲಿ ಕೆಫೀನ್ ಇದೆ, ನಾಯಿ ಜೋರಾಗಿ ಓಡಲೆಂದು ಕೊಟ್ಟ ಮದ್ದು ಎಂದು. ಕೆರೆಯಷ್ಟು ನೀರಿನಲ್ಲಿ ಚಿಟಿಕೆ ಉಪ್ಪು ಹುಡುಕುವ ಯಂತ್ರವದು. ಆ ಚಿಟಿಕೆ ನಾಯಿಯ ಹೊಟ್ಟೆಯಿಂದ ಬಂತೋ ಚಹಾ ಮೆತ್ತಿದ ಕೈಯಿಂದ ಬಂತೋ ಎಂದು ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ.

ವಿಚಾರಣೆಯಲ್ಲಿ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ: ಕೈಗವಸು ಹಾಕಿದ್ದಿರಾ? ಇಲ್ಲ ಎಂದು ಹೇಳಿದರೆ ಪರೀಕ್ಷೆ ರದ್ದು, ಫರ್ಗಲ್ ಪಾರು. ಆದರೆ ಅವಳ ಕೆಲಸ ಖಾಯಂ ಆಗಲು ಎರಡೇ ವಾರ ಉಳಿದಿತ್ತು, ಮೇಲಧಿಕಾರಿ ಎದುರಿಗೇ ಕೂತಿದ್ದ.

"ಹಾಕಿದ್ದೆ," ಅಂದಳು.

ಫರ್ಗಲ್ ಅವಳನ್ನೇ ನೋಡಿದ. ನಿಮ್ಮದೇನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಇಲ್ಲವೆಂದು ತಲೆಯಾಡಿಸಿದ. ವರ್ಷದ ಮಟ್ಟಿಗೆ ಅವನ ಲೈಸೆನ್ಸ್ ಹೋಯಿತು. ನಾಯಿಗಳನ್ನೆಲ್ಲ ಬೇರೆಯವರಿಗೆ ಒಪ್ಪಿಸಬೇಕಾಯಿತು.

ಗ್ರೋನ್ಯ ಓಡಿಬಂದು ಕಾರಿನ ಬಳಿ ಅವನನ್ನು ತಡೆದಳು. ಅವಳಿಗೆ ತನ್ನ ಮೇಲೇ ಹೇಸಿಗೆಯಾಗಿತ್ತು.

"ನಿಂಗೆ ಗೊತ್ತಿತ್ತಲ್ಲ. ಯಾಕೆ ಬಾಯಿ ಬಿಡ್ಲಿಲ್ಲ?"

"ನೀನು ಹೇಳ್ತೀಯ ಅಂತ ಕಾಯ್ತಿದ್ದೆ."

"ಈಗ್ಲೇ ಹೋಗಿ ಹೇಳ್ತೀನಿ. ಕೆಲ್ಸ ಹೋದ್ರೆ ಹೋಗ್ಲಿ. ನಿನ್ನ ಬಿಟ್ಟು ನಂಗಿರಕ್ಕಾಗಲ್ಲ ಫರ್ಗಲ್."

ಗಾಳಿಗೆ ಅವಳ ಕಣ್ಣಿಗೆ ಬಿದ್ದಿದ್ದ ಕೂದಲನ್ನು ಅವನು ಮೆಲ್ಲಗೆ ಸರಿಸಿದ. "ಹೇಳು. ನಾಯಿಗಳು ವಾಪಸ್ ಬರ್ತವೆ," ಅಂದ. "ನಾನು ಬರಲ್ಲ."

ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಅಲ್ಲೇ ನಿಂತಿದ್ದಳು. ಆಮೇಲೆ ಮೆಟ್ಟಿಲು ಹತ್ತಿ ಒಳಗೆ ಹೋದಳು. ಮೇಲಧಿಕಾರಿ ಕೋಟು ಹಾಕಿಕೊಳ್ಳುತ್ತಿದ್ದ.

"ಕೂತ್ಕೊಳ್ಳಿ ಸರ್," ಅಂದಳು. "ನಾನು ಸುಳ್ಳು ಹೇಳಿದೆ."