ಗೊಂಬೆಯ ಗಾಡಿ

"ಅಕ್ಕಾ, ಇನ್ನೂ ಸ್ವಲ್ಪ ಫಾಸ್ಟ್! ಪ್ಲೀಸ್!"

ವರುಣ ಕಾಲಿಗೆ ಪ್ಯಾಡ್ ಕಟ್ಟಿಕೊಂಡೇ ಕಾರು ಹತ್ತಿದ್ದ. ಹೆಲ್ಮೆಟ್ ಮಡಿಲಲ್ಲಿತ್ತು. ವಿಲೆಟನ್ ಬಡಾವಣೆಯ ಮೈದಾನದಲ್ಲಿ ಮ್ಯಾಚ್ ಇನ್ನೇನು ಶುರುವಾಗುವುದರಲ್ಲಿತ್ತು. ಕೋಚ್ ಇವತ್ತು ಮೊದಲ ಸಲ ಅವನನ್ನು ಓಪನಿಂಗ್‌ಗೆ ಹಾಕಿದ್ದರು.

"ಲೇಟಾಗಿದ್ದು ಯಾರಿಂದಪ್ಪಾ? ಒಂದು ಸಾಕ್ಸ್ ಹುಡುಕೋಕೆ ಮನೇನೆಲ್ಲಾ ತಲೆಕೆಳಗೆ ಮಾಡಿದ್ಯಲ್ಲ!" ಎಂದಳು ತನ್ವಿ.

ತನ್ವಿಗೆ ಲೈಸೆನ್ಸ್ ಬಂದದ್ದು ಈಚೆಗಷ್ಟೇ. ಕಾರಿನ ಹಿಂದೆ ಮುಂದೆ ಕೆಂಪು ಪಿ-ಪ್ಲೇಟ್ ಇತ್ತು, ಹೊಸ ಡ್ರೈವರ್ ಎಂದು ಊರಿಗೆಲ್ಲ ಗೊತ್ತಾಗಲಿ ಅಂತ. ಡಾಕ್ಟರ್ ಅಮ್ಮನಿಗೆ ಶನಿವಾರ ಡ್ಯೂಟಿ ಬಿದ್ದರೆ ಈಗ ಅಕ್ಕನೇ ಡ್ರೈವರ್.

"ಸೈಕಲ್ ಥರ ಹೋಗ್ತಿದ್ದೀಯಲ್ಲ!"

"ಇದು ಐವತ್ತರ ಲಿಮಿಟ್ ಇರೋ ರೋಡು ಕಣೋ."

"ರೋಡ್ ಖಾಲಿ ಇದೆ. ಒಬ್ರೂ ಇಲ್ಲ. ಕಮಾನ್, ಅಕ್ಕಾ!"

ತನ್ವಿ ಆಕ್ಸಿಲರೇಟರ್ ಒತ್ತಿದಳು. ಮುಳ್ಳು ಅರವತ್ತು ದಾಟಿ ಎಪ್ಪತ್ತರ ಹತ್ತಿರ ಹೋಯಿತು. ಮನೆಗಳು, ಮರಗಳು, ಗೇಟಿನ ಮುಂದಿನ ಕಸದ ಬಿನ್ನುಗಳು ಸರ್ರನೆ ಹಿಂದೆ ಓಡಿದವು. "ಯೆಸ್ಸ್!" ಎಂದು ವರುಣ ಕೂಗಿದ. ತನ್ವಿಗೂ ನಗು ಬಂತು.

ಆಗಲೇ ಎಡಗಡೆ ನಿಂತಿದ್ದ ದೊಡ್ಡ ವ್ಯಾನಿನ ಮರೆಯಿಂದ ಗುಲಾಬಿ ಬಣ್ಣದ್ದೇನೋ ರಸ್ತೆಗೆ ಉರುಳಿ ಬಂತು.

"ಅಕ್ಕಾ!"

ಟೈರು ಕಿರುಚಿತು. ಸೀಟ್ ಬೆಲ್ಟ್ ಎದೆಗೆ ಒತ್ತಿತು. ಹೆಲ್ಮೆಟ್ ಹಾರಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ತನ್ವಿ ಬ್ರೇಕ್ ಮೇಲೆ ನಿಂತೇಬಿಟ್ಟಿದ್ದಳು, ಆದರೂ ಕಾರು ಜಾರುತ್ತಲೇ ಹೋಯಿತು. ಕೆಳಗೆ ಏನೋ ಕಟಕ್ಕೆಂದು ಮುರಿಯಿತು. ಆಮೇಲೆ ಕಾರು ನಿಂತಿತು.

"ಮೈ ಬೇಬಿ! ಮೈ ಬೇಬಿ!" ಹೊರಗೆ ಒಂದು ಪುಟ್ಟ ದನಿ ಅಳತೊಡಗಿತು.

ವರುಣ ಸೀಟ್ ಬೆಲ್ಟ್ ಬಿಚ್ಚಿದ. ಬಾಗಿಲು ತೆಗೆದು ಇಳಿದ. ಫುಟ್‌ಪಾತಿನ ಅಂಚಿನಲ್ಲಿ ಚಿಕ್ಕ ಹುಡುಗಿಯೊಬ್ಬಳು ನಿಂತಿದ್ದಳು. ಅವಳ ಅಪ್ಪ ಹಿಂದಿನಿಂದ ಅವಳ ಫ್ರಾಕನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಎಷ್ಟು ಬಿಗಿಯಾಗಿ ಎಂದರೆ ಬೆರಳೆಲ್ಲ ಬೆಳ್ಳಗಾಗಿದ್ದವು. ಹುಡುಗಿ ಕಾರಿನ ಕೆಳಗೇ ಬೆರಳು ತೋರಿಸುತ್ತಿದ್ದಳು.

ವರುಣ ಪ್ಯಾಡ್ ಸಮೇತ ನೆಲಕ್ಕೆ ಮಲಗಿ ಕೈ ಚಾಚಿದ. ಗೊಂಬೆಯೊಂದು ಸಿಕ್ಕಿತು. ಕೆನ್ನೆಗೆ ಕರಿ ಮೆತ್ತಿತ್ತು. ಅದರ ಪುಟಾಣಿ ತಳ್ಳುಗಾಡಿ ಮಾತ್ರ ಬಂಪರಿನ ಕೆಳಗೆ ಅಪ್ಪಚ್ಚಿಯಾಗಿತ್ತು.

"ಅವಳಿಗೆ ಪೆಟ್ಟಾಯ್ತಾ?" ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು.

ವರುಣ ಇಲ್ಲವೆಂದು ತಲೆಯಾಡಿಸಿದ. ಗೊಂಬೆಯ ಕೆನ್ನೆ ಒರೆಸಿ ಅವಳ ಕೈಗೆ ಕೊಟ್ಟ.

ತನ್ವಿ ಅಳುತ್ತಾ "ಸಾರಿ, ಸಾರಿ" ಎನ್ನುತ್ತಲೇ ಇದ್ದಳು. ಹುಡುಗಿಯ ಅಪ್ಪ ಬೈಯಲಿಲ್ಲ. "ನಿನಗೆ ನಿಲ್ಲಿಸೋಕೆ ಆಗಲಿಲ್ಲ," ಎಂದಷ್ಟೇ ಹೇಳಿದರು.

"ಫಾಸ್ಟಾಗಿ ಹೋಗು ಅಂದಿದ್ದು ನಾನು," ಎಂದ ವರುಣ ಮೆಲ್ಲಗೆ.

ಅವರು ಅವನನ್ನೂ ಅವನ ಪ್ಯಾಡನ್ನೂ ನೋಡಿದರು. ತನ್ವಿಯ ಫೋನ್ ನಂಬರ್ ಬರೆದುಕೊಂಡು, ಮಗಳನ್ನು ಎತ್ತಿಕೊಂಡು ಮನೆಯೊಳಗೆ ಹೋದರು.

ತನ್ವಿ ಕಾರನ್ನು ಬದಿಗೆ ನಿಲ್ಲಿಸಿ ಅಮ್ಮನಿಗೆ ಫೋನ್ ಮಾಡಿದಳು. ಅಮ್ಮ ಮೊದಲು ಕೇಳಿದ್ದು, "ಮಗುಗೆ ಏನೂ ಆಗಿಲ್ಲ ತಾನೇ?" ಆಮೇಲೆ, "ನೀವಿಬ್ರೂ ಹುಷಾರಾಗಿದ್ದೀರಾ? ಕಾರು ಅಲ್ಲೇ ಇರಲಿ. ಗ್ರೌಂಡಿಗೆ ನಡ್ಕೊಂಡು ಹೋಗಿ. ಡ್ಯೂಟಿ ಮುಗಿಸಿ ಬರ್ತೀನಿ, ಮಾತಾಡೋಣ."

ಇಬ್ಬರೂ ಫುಟ್‌ಪಾತಿನಲ್ಲಿ ನಡೆದರು. ಪ್ಯಾಡುಗಳು ಒಂದಕ್ಕೊಂದು ತಾಗಿ ಪಟಪಟ ಎನ್ನುತ್ತಿದ್ದವು. ನಾಯಿ ಹಿಡಿದುಕೊಂಡು ಬಂದ ಅಜ್ಜ ಒಬ್ಬರು ಅದನ್ನು ನೋಡಿ ನಕ್ಕರು. ವರುಣನಿಗೆ ನಗು ಬರಲಿಲ್ಲ.

ಪಕ್ಕದಲ್ಲೇ ಒಂದು ಕಾರು ಭರ್ರನೆ ಹಾದುಹೋಯಿತು. ಅವನ ಅಂಗಿ ಗಾಳಿಗೆ ಹಾರಿತು.

"ಅಬ್ಬಾ! ಎಷ್ಟು ಫಾಸ್ಟ್ ಹೋಗ್ತಾನೆ!"

"ಇಲ್ಲ ಕಣೋ," ಎಂದಳು ತನ್ವಿ. "ಅದು ಐವತ್ತರಲ್ಲೇ ಹೋಗ್ತಿರೋದು."

ವರುಣ ನಿಂತು, ಆ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದ.

ಮೈದಾನ ಕಾಣಿಸಿತು. ಅವನ ಜಾಗದಲ್ಲಿ ಇನ್ಯಾರೋ ಬ್ಯಾಟ್ ಹಿಡಿದು ನಿಂತಿದ್ದರು. ನಡುವೆ ಒಂದು ರಸ್ತೆ ಮಾತ್ರ ಇತ್ತು. ದೂರದಲ್ಲಿ ಒಂದು ಬಿಳಿ ಕಾರು ಬರುತ್ತಿತ್ತು.

"ಓಡಿದ್ರೆ ದಾಟಬಹುದು," ಎಂದಳು ತನ್ವಿ.

ವರುಣ ಅವಳ ಕೈ ಹಿಡಿದುಕೊಂಡ.

"ಬೇಡ ಅಕ್ಕಾ. ಅದು ಹೋಗಲಿ."